ಮೊದಲ ವಾರದ ಕ್ಯೂರಿಂಗ್: ಸ್ಕಿಜೋಫ್ರೀನಿಯಾ ಬಗ್ಗೆ ಇಲಿಗಳು ಕಲಿಸಿದ್ದು

ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ, ಇಪ್ಪತ್ತರ ಹುಡುಗನೊಬ್ಬ ಓದು ಬಿಟ್ಟು ಕೋಣೆ ಸೇರಿ, "ನನ್ನ ಬಗ್ಗೆ ಯಾರೋ ಮಾತಾಡೋದು ಕೇಳಸ್ತದ" ಅನ್ನಲು ಶುರು ಮಾಡಿದರೆ ಮನೆಯವರಿಗೆ ಎಂಥ ಸಲಹೆ ಸಿಗುತ್ತವೆ ಅಂತ ನಮಗೆಲ್ಲ ಗೊತ್ತು. ಒಬ್ಬರು ಗಾಳಿ ಬಡದದ ಅಂತಾರೆ. ಇನ್ನೊಬ್ಬರು ಯಾರೋ ಮಾಡ್ಸ್ಯಾರ ಅಂತಾರೆ. ಮತ್ತೊಬ್ಬರು ಲಗ್ನ ಮಾಡ್ರಿ, ಎಲ್ಲಾ ಸರಿ ಹೋಗ್ತದ ಅಂತಾರೆ. ಯಾವುದೂ ಕೆಲಸ ಮಾಡದಿದ್ದಾಗ ಕೊನೆಗೆ ಮಾತು ತಾಯಿಯ ಮೇಲೆ ಬರುತ್ತದೆ: ಸರಿಯಾಗಿ ಬೆಳೆಸಲಿಲ್ಲ.

ಇದು ಸ್ಕಿಜೋಫ್ರೀನಿಯಾ ಎಂಬ ಕಾಯಿಲೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದೆ. ಇಲ್ಲದ ಧ್ವನಿ ಕೇಳಿಸುವುದು, ಯಾರೋ ಬೆನ್ನು ಹತ್ತಿದ್ದಾರೆ ಎಂಬ ಅಲುಗದ ನಂಬಿಕೆ, ಮಾತಿನ ಎಳೆ ತಪ್ಪುವುದು, ಉತ್ಸಾಹ ಬತ್ತುವುದು ಇದರ ಲಕ್ಷಣಗಳು. ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಿಂದ ಇಪ್ಪತ್ತರ ದಶಕದಲ್ಲಿ, ಅಂದರೆ ನಾವು ಇಂಜಿನಿಯರಿಂಗ್ ಓದುವ ವಯಸ್ಸಿನಲ್ಲೇ. ಆದರೆ ವಿಜ್ಞಾನಿಗಳು ಇದರ ಬೇರು ಹುಡುಕುತ್ತಿರುವುದು ಎಷ್ಟೋ ವರ್ಷ ಹಿಂದೆ, ಹೊಟ್ಟೆಯೊಳಗಿನ ಮತ್ತು ಎಳೆಗೂಸಿನ ಮಿದುಳಿನಲ್ಲಿ. ಯಾಕೆ? ಬನ್ನಿ ನೋಡೋಣ.

ಸರ್ಪಗಂಧದಿಂದ ಶುರು

ಈ ಕಥೆಯ ಒಂದು ಎಳೆ ನಮ್ಮ ದೇಶದ ಬೇರಿನಿಂದಲೇ ಹೊರಡುತ್ತದೆ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಸರ್ಪಗಂಧವು ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಔಷಧಿ ಎಂದು ಪ್ರಬಂಧ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರೆಸರ್ಪಿನ್ ಎಂಬ ರಾಸಾಯನಿಕ ಬೇರ್ಪಡಿಸಿದರು. ರೆಸರ್ಪಿನ್ ಕೊಟ್ಟರೆ ಮೊಲಗಳು ಕಲ್ಲಿನಂತೆ ಅಲುಗಾಡದೆ ಕೂರುತ್ತಿದ್ದವು. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಅಂಥ ಮೊಲಗಳಿಗೆ ಎಲ್-ಡೋಪಾ ಕೊಟ್ಟರು. ಮೊಲಗಳು ಎದ್ದು ಓಡಾಡಿದವು! ಎಲ್-ಡೋಪಾ ಮಿದುಳಿನಲ್ಲಿ ಡೋಪಮೈನ್ ಆಗುತ್ತದೆ. ಮುಂದೆ ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಬಂತು.

ಸ್ಕಿಜೋಫ್ರೀನಿಯಾಕ್ಕೆ 1952ರಿಂದ ಕ್ಲೋರ್‌ಪ್ರೊಮಜೈನ್ ಬಳಕೆಗೆ ಬಂದಿತ್ತು. ಅದು ಡೋಪಮೈನ್ ಕೂರುವ ಗ್ರಾಹಕಗಳನ್ನೇ ತಡೆಯುತ್ತದೆ ಎಂಬುದು ನಂತರದ ವರ್ಷಗಳಲ್ಲಿ ಸ್ಪಷ್ಟವಾಯಿತು. ಸರಿ, ಡೋಪಮೈನ್ ಜಾಸ್ತಿ ಆಗೋದೇ ಕಾಯಿಲೆ ಅಂತ ಅಂದುಕೊಂಡರು. ಆದರೆ ಎರಡು ಪ್ರಶ್ನೆ ಉಳಿದವು. ಮಾತ್ರೆಯಿಂದ ಧ್ವನಿಗಳು ಕಡಿಮೆಯಾದರೂ ನೆನಪು, ಗಮನದ ತೊಂದರೆ ಅಷ್ಟಾಗಿ ಹೋಗುವುದಿಲ್ಲ, ಯಾಕೆ? ಮತ್ತೆ ಕಾಯಿಲೆ ಇಪ್ಪತ್ತಕ್ಕೇ ಯಾಕೆ ಬರಬೇಕು?

ಬರಗಾಲ ಕೊಟ್ಟ ಸುಳಿವು

ಎರಡನೇ ಮಹಾಯುದ್ಧದಲ್ಲಿ, 1944-45ರ ಚಳಿಗಾಲದಲ್ಲಿ, ನೆದರ್‌ಲ್ಯಾಂಡ್ಸಿನ ಪಶ್ಚಿಮ ಭಾಗಕ್ಕೆ ಆಹಾರ ಬರದಂತಾಯಿತು. ದಿನದ ಪಡಿತರ 1000 ಕ್ಯಾಲೊರಿಗಿಂತ ಕೆಳಗಿಳಿಯಿತು. ಆ ಹಸಿವಿನ ತುತ್ತತುದಿಯಲ್ಲಿ ಗರ್ಭದಲ್ಲಿ ಮೂಡಿದ ಮಕ್ಕಳು ದೊಡ್ಡವರಾದಾಗ ಅವರಲ್ಲಿ ಸ್ಕಿಜೋಫ್ರೀನಿಯಾ ಸುಮಾರು ಎರಡು ಪಟ್ಟು ಹೆಚ್ಚು ಕಂಡಿತು. ಚೀನಾದ 1959-61ರ ಕ್ಷಾಮದ ಅಧ್ಯಯನದಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ ಬಂತು. ಎರಡು ಪಟ್ಟು ಅಂದರೂ ಬಹುತೇಕ ಮಕ್ಕಳಿಗೆ ಏನೂ ಆಗಲಿಲ್ಲ ಅನ್ನೋದನ್ನೂ ನೆನಪಿಡಬೇಕು. ಆದರೂ ಸುಳಿವು ಸಿಕ್ಕಿತು: ಪೆಟ್ಟು ಬಿದ್ದದ್ದು ಮೊದಲು, ಬಿರುಕು ಕಂಡದ್ದು ನಂತರ.

ಸಿವಿಲ್ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತದೆ. ಸ್ಲ್ಯಾಬ್ ಹಾಕಿ ಮೊದಲ ಏಳು ದಿನ ನೀರು ಹಿಡಿಯಲಿಲ್ಲ ಅಂದುಕೊಳ್ಳಿ, ಅದೂ ನಮ್ಮ ಬೀದರ ಜಿಲ್ಲೆಯ ಏಪ್ರಿಲ್ ಬಿಸಿಲಲ್ಲಿ. ನೋಡಲು ಚೆನ್ನಾಗೇ ಇರುತ್ತದೆ. ಮೇಲೆ ಭಾರ ಬಿದ್ದಾಗ ಬಿರುಕು ತೋರುತ್ತದೆ. ಆಗ ಟ್ಯಾಂಕರ್‌ಗಟ್ಟಲೆ ನೀರು ಹೊಯ್ದರೂ ಆ ಮೊದಲ ವಾರ ವಾಪಸ್ ಬರೋದಿಲ್ಲ.

ಇಲಿಗಳಲ್ಲಿ ಏನು ಮಾಡಿದರು?

ಮನುಷ್ಯರ ಮೇಲೆ ಇದನ್ನು ಪರೀಕ್ಷಿಸುವಂತಿಲ್ಲ. 1993ರಲ್ಲಿ ಅಮೆರಿಕದ ಬಾರ್ಬರಾ ಲಿಪ್ಸ್ಕಾ, ಡೇನಿಯಲ್ ವೈನ್‌ಬರ್ಗರ್ ಮತ್ತು ಸಂಗಡಿಗರು ಹುಟ್ಟಿ ಏಳು ದಿನದ ಇಲಿಮರಿಗಳ ಹಿಪ್ಪೊಕ್ಯಾಂಪಸ್‌ನ ಒಂದು ಸಣ್ಣ ಭಾಗಕ್ಕೆ ಹಾನಿ ಮಾಡಿದರು. 35ನೇ ದಿನ ನೋಡಿದರೆ ಇಲಿಗಳು ಹೆಚ್ಚುಕಡಿಮೆ ಸಾಮಾನ್ಯ. 56ನೇ ದಿನಕ್ಕೆ, ಅಂದರೆ ಪ್ರಾಯ ಬಂದ ಮೇಲೆ, ಡೋಪಮೈನ್ ಸಂಬಂಧಿ ವರ್ತನೆಗಳು ಅತಿಯಾದವು. ಇಪ್ಪತ್ತಕ್ಕೇ ಯಾಕೆ ಎಂಬ ಪ್ರಶ್ನೆಗೆ ಇದೊಂದು ಮಾದರಿ ಉತ್ತರ.

ಇನ್ನೊಂದು ಪ್ರಯೋಗ ನಮ್ಮಂಥವರಿಗೆ ಇನ್ನೂ ಹಿಡಿಸುವಂಥದ್ದು, ಯಾಕಂದ್ರೆ ಅದರಲ್ಲಿ ಒಂದು ಸ್ವಿಚ್ ಇದೆ. 2006ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರಿಸ್ಟೋಫ್ ಕೆಲ್ಲೆಂಡಾಂಕ್, ಎಲಿನರ್ ಸಿಂಪ್ಸನ್, ಎರಿಕ್ ಕ್ಯಾಂಡೆಲ್ ತಂಡ ಸುಂಡಿಲಿಗಳ ಮಿದುಳಿನ ಸ್ಟ್ರಯೇಟಂ ಭಾಗದಲ್ಲಿ ಡಿ2 ಎಂಬ ಡೋಪಮೈನ್ ಗ್ರಾಹಕ ಹೆಚ್ಚಾಗುವಂತೆ ಮಾಡಿತು. ಆಹಾರದಲ್ಲಿ ಡಾಕ್ಸಿಸೈಕ್ಲಿನ್ ಬೆರೆಸಿದರೆ ಆ ಹೆಚ್ಚುವರಿ ಜೀನ್ ಆಫ್. ಜೀನ್ ಆನ್ ಇದ್ದ ಸುಂಡಿಲಿಗಳು ಈಗಷ್ಟೇ ಕಂಡದ್ದನ್ನು ನೆನಪಿಟ್ಟು ದಾರಿ ಆರಿಸುವುದರಲ್ಲಿ ಸೋತವು. ದೊಡ್ಡವಾದ ಮೇಲೆ ಆಫ್ ಮಾಡಿ ಗ್ರಾಹಕಗಳನ್ನು ಸಹಜ ಮಟ್ಟಕ್ಕೆ ತಂದರೂ ಆ ನೆನಪಿನ ತೊಂದರೆ ಹೋಗಲಿಲ್ಲ. ಆದರೆ ಶ್ರಮಪಟ್ಟು ಆಹಾರ ಗಳಿಸುವ ಉತ್ಸಾಹ ಕುಗ್ಗಿದ್ದು ಮಾತ್ರ ಆಫ್ ಮಾಡಿದಾಗ ಸುಧಾರಿಸಿತು. ಅಂದರೆ ಕೆಲವು ದೋಷ ಇಂದಿನ ರಸಾಯನಕ್ಕೆ ಸೇರಿದವು, ಅವನ್ನು ಇಂದೇ ತಿದ್ದಬಹುದು. ಕೆಲವು ಕಟ್ಟುವಾಗಲೇ ಸೇರಿಕೊಂಡವು.

ಎಳೆ ಮಿದುಳಿನ ರಸಾಯನ ದೊಡ್ಡವರ ಮಿದುಳಿನ ಸಣ್ಣ ಪ್ರತಿ ಅಲ್ಲ. ಗಾಬಾ ಎಂಬ ರಾಸಾಯನಿಕ ದೊಡ್ಡವರ ಮಿದುಳಿನಲ್ಲಿ ಬ್ರೇಕ್. ಮಿದುಳು ಕಟ್ಟಿಕೊಳ್ಳುವ ಮೊದಮೊದಲ ದಿನಗಳಲ್ಲಿ ನರಕೋಶದೊಳಗೆ ಕ್ಲೋರೈಡ್ ಹೆಚ್ಚಿರುವುದರಿಂದ ಅದೇ ಗಾಬಾ ಆಕ್ಸಿಲರೇಟರ್ ಥರ ಕೆಲಸ ಮಾಡುತ್ತದೆ. ವೈರ್ ಅದೇ, ಸಿಗ್ನಲ್ ಉಲ್ಟಾ. ಇಂಥ ಹೊತ್ತಿನಲ್ಲಿ ಬಿದ್ದ ಪೆಟ್ಟು ಜೋಡಣೆಯನ್ನೇ ಬದಲಿಸಬಹುದು.

ಹಾಗಾದರೆ ಎಲ್ಲಾ ಹುಟ್ಟುವಾಗಲೇ ಬರೆದಿಟ್ಟಂತಾ? ಇಲ್ಲ. 2013ರಲ್ಲಿ ಪಿಟ್ಸ್‌ಬರ್ಗಿನ ಆಂಥನಿ ಗ್ರೇಸ್ ಲ್ಯಾಬಿನಲ್ಲಿ, ಗರ್ಭದಲ್ಲೇ ಮಿದುಳಿಗೆ ಪೆಟ್ಟಾಗಿದ್ದ ಇಲಿಗಳಿಗೆ ಹದಿಹರೆಯದ ಹೊತ್ತಿಗೆ ಡಯಾಜಿಪಾಂ ಕೊಟ್ಟು ನೋಡಿದರು. ಪ್ರಾಯದಲ್ಲಿ ಬರಬೇಕಿದ್ದ ಡೋಪಮೈನ್ ಅತಿರೇಕ ಬರಲೇ ಇಲ್ಲ. ಇದನ್ನು ಓದಿ ಯಾರೂ ಮಕ್ಕಳಿಗೆ ಡಯಾಜಿಪಾಂ ಕೊಡುವಂತಿಲ್ಲ, ಅದು ಚಟ ಹಿಡಿಸುವ ಮಾತ್ರೆ. ಪಾಠ ಏನಂದ್ರೆ, ಪೆಟ್ಟಿಗೂ ಬಿರುಕಿಗೂ ನಡುವೆ ಕಾಲ ಇದೆ, ಆ ಕಾಲದಲ್ಲಿ ಏನಾದರೂ ಮಾಡಲು ಸಾಧ್ಯ ಇದೆ.

ಇಲಿಗೆ ಧ್ವನಿ ಕೇಳಿಸುತ್ತಾ?

ಇಲಿಯನ್ನು ಕೇಳಲಾಗದು. ಅದಕ್ಕೆ ಸ್ಕಿಜೋಫ್ರೀನಿಯಾ ಬಂತು ಅನ್ನೋದೇ ತಪ್ಪು. ಪ್ರಯೋಗಾಲಯದಲ್ಲಿ ಅಳೆಯುವುದು ಕಾಯಿಲೆಯ ಒಂದೊಂದು ತುಂಡು. ಉದಾಹರಣೆಗೆ, ದೊಡ್ಡ ಸದ್ದಿನ ಮುಂಚೆ ಸಣ್ಣ ಸದ್ದು ಬಂದರೆ ಬೆಚ್ಚುವುದು ಕಡಿಮೆ ಆಗಬೇಕು. ಈ ತಡೆ ಅನೇಕ ರೋಗಿಗಳಲ್ಲೂ ಮಾದರಿ ಇಲಿಗಳಲ್ಲೂ ಕುಂದಿರುತ್ತದೆ. ನಾವು ಸೇತುವೆಯ ಮಾಡೆಲ್ ಮಾಡುತ್ತೇವೆ, ಅದರ ಮೇಲೆ ಲಾರಿ ಓಡಿಸೋದಿಲ್ಲ ಅಲ್ವಾ? ಹಾಗೆ. ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಔಷಧಿಗಳೂ ಇವೆ. ಪ್ರಾಣಿಗಳ ನೋವಿನ ಪ್ರಶ್ನೆಯೂ ಸಣ್ಣದಲ್ಲ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಡಿ ಇಂಥ ಪ್ರಯೋಗಕ್ಕೆ ಸಮಿತಿಯ ಒಪ್ಪಿಗೆ ಬೇಕೇ ಬೇಕು.

ನಮಗೇನು?

ಮೊದಲನೆಯದು, ತಾಯಿಯನ್ನು ದೂರುವುದು ನಿಲ್ಲಬೇಕು. ವಂಶವಾಹಿಗಳು, ಗರ್ಭಕಾಲದ ಸೋಂಕು, ಅಪೌಷ್ಟಿಕತೆ, ಹೆರಿಗೆಯ ತೊಡಕು, ಹೀಗೆ ಹಲವು ಸೇರಿ ಅಪಾಯ ಹೆಚ್ಚುತ್ತದೆ. ಇದರಲ್ಲಿ ಯಾವುದೂ ಒಬ್ಬ ಹೆಣ್ಣುಮಗಳ ತಪ್ಪಲ್ಲ. ಬಸುರಿಗೆ ಸರಿಯಾದ ಊಟ, ತಪಾಸಣೆ ಸಿಗುವಂತೆ ನೋಡಿಕೊಳ್ಳುವುದು ಮಾತ್ರ ನಮ್ಮೆಲ್ಲರ ಕೆಲಸ.

ಎರಡನೆಯದು, ತಡ ಮಾಡಬಾರದು. ಚಿಕಿತ್ಸೆ ಬೇಗ ಸಿಕ್ಕಷ್ಟೂ ಫಲ ಚೆನ್ನಾಗಿರುತ್ತದೆ. ದೊಡ್ಡ ಊರೇ ಬೇಕು ಅಂತಿಲ್ಲ. ನಿಮ್ಹಾನ್ಸ್ ವೈದ್ಯರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹಳ್ಳಿಗಳ ರೋಗಿಗಳಿಗೆ ಊರ ಹತ್ತಿರವೇ ಚಿಕಿತ್ಸೆ ಮುಂದುವರಿಸಿ, ಅದು ಸಾಧ್ಯ ಎಂದು ತೋರಿಸಿದ್ದಾರೆ. ನಮಗೆ ಹತ್ತಿರದಲ್ಲಿ ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗ ಇದೆ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಗುಡಿಗೋ ದರ್ಗಾಕ್ಕೋ ಹೋಗುವವರು ಹೋಗಲಿ, ಅಲ್ಲಿ ಮನಸ್ಸಿಗೆ ಧೈರ್ಯ ಸಿಗುತ್ತದೆ. ಆದರೆ ಮಾತ್ರೆ ಬಿಡಿಸಿ ಹೋಗಬಾರದು.

ಹಾಸ್ಟೆಲಿನಲ್ಲಿ ಗೆಳೆಯನೊಬ್ಬ ವಾರಗಟ್ಟಲೆ ನಿದ್ದೆ ಬಿಟ್ಟು, ಊಟ ಬಿಟ್ಟು, ಎಲ್ಲರ ಮೇಲೂ ಅನುಮಾನ ಪಡುತ್ತಿದ್ದರೆ ಅವನಿಗೆ ಅಡ್ಡಹೆಸರು ಇಡುವುದು ಬೇಡ. ಪಕ್ಕ ಕೂತು ಕೇಳೋಣ, ಜೊತೆಗೆ ಡಾಕ್ಟರ ಹತ್ತಿರ ಹೋಗೋಣ. ಮೊದಲ ವಾರದ ಕ್ಯೂರಿಂಗ್ ನಮ್ಮ ಕೈಯಲ್ಲಿ ಇರಲಿಲ್ಲ. ಬಿರುಕು ಕಂಡ ದಿನವೇ ಆಸರೆ ಕೊಡುವುದು ನಮ್ಮ ಕೈಯಲ್ಲಿದೆ.