‘ನಮಗೂ ಓಡಾಕ ಜಾಗ ಬೇಕ್ರಿ’

ಸಾಂಗ್ಲಿ-ಮಿರಜ ಎಂದರೆ ನಮ್ಮ ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯವರಿಗೆ ಪರವೂರಲ್ಲ. ಅರಿಶಿಣದ ಚೀಲ ಇಳಿಯುವುದು ಸಾಂಗ್ಲಿ ಪೇಟೆಯಲ್ಲಿ, ಬೇನೆ ಬಿದ್ದರೆ ಓಡುವುದು ಮಿರಜದ ದವಾಖಾನೆಗೆ, ದೂರದೂರಿಗೆ ರೈಲು ಹಿಡಿಯುವುದು ಮಿರಜ ಜಂಕ್ಷನ್ನಿನಲ್ಲಿ. ದಲಾಲರ ಅಂಗಡಿಯಲ್ಲಿ ಮರಾಠಿ, ಮನೆಗೆ ಬಂದರೆ ಕನ್ನಡ. ಎರಡೂ ನಾಲಿಗೆಗೆ ರೂಢಿಯಾಗಿವೆ.

ಈ ಜೋಡಿ ಊರಿಗೆ ಆಟದ ಹೆಸರೂ ದೊಡ್ಡದು. ಭಾರತಕ್ಕೆ ಮೊಟ್ಟಮೊದಲ ಟೆಸ್ಟ್ ಗೆಲುವು ತಂದುಕೊಟ್ಟ ನಾಯಕ ವಿಜಯ ಹಜಾರೆ 1915ರಲ್ಲಿ ಹುಟ್ಟಿದ್ದು ಸಾಂಗ್ಲಿಯಲ್ಲಿ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪದಕ ಗೆದ್ದ ಹಿಂದ್ ಕೇಸರಿ ಮಾರುತಿ ಮಾನೆ ಇಲ್ಲೇ ಹತ್ತಿರದ ಕವಠೇಪಿರಾನದವರು. ಸ್ಮೃತಿ ಮಂಧಾನಾ ಬೆಳೆದದ್ದು ಸಾಂಗ್ಲಿಯಲ್ಲಿ. ಓಣಿಗೊಂದು ತಾಲೀಮು, ಜಾತ್ರೆಗೊಂದು ಜಂಗಿ ಕುಸ್ತಿ ಎನ್ನುವ ಸೀಮೆ ಇದು.

ಇಂಥ ಸೀಮೆಯಲ್ಲೂ ಮೈದಾನಕ್ಕೆ ಕಾಲಿಡಲು ಅಂಜುವ ಮಂದಿ ಇದ್ದಾರೆ. ಮರಾಠಿಯವರು ಅವರನ್ನು ತೃತೀಯಪಂಥಿ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಜೋಗಪ್ಪ, ಜೋಗತಿ ಎನ್ನುವುದುಂಟು; ಪತ್ರಿಕೆಗಳು ಲಿಂಗತ್ವ ಅಲ್ಪಸಂಖ್ಯಾತರು ಎಂದು ಬರೆಯುತ್ತವೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು, ಎರಡೂ ಅಲ್ಲ, ನಾನು ನಾನೇ ಎನ್ನುವವರು, ಎಲ್ಲರೂ ಇದರಲ್ಲಿ ಬರುತ್ತಾರೆ. ಇವರಿಗೂ ಮೈಯಿದೆ, ಮಂಡಿನೋವಿದೆ, ಸಕ್ಕರೆ ಕಾಯಿಲೆಯಿದೆ. ಇತ್ತೀಚೆಗೆ ಪೊಲೀಸ್ ನೌಕರಿಯ ಆಸೆಯೂ ಹುಟ್ಟಿದೆ.

ಭರತಿಯ ಬಾಗಿಲು ತೆರೆಯಿತು, ಮೈದಾನದ್ದು?

ನೌಕರಿಯ ಮಾತು ಬಂದದ್ದು ಹೀಗೆ. ಮಹಾರಾಷ್ಟ್ರದ ಪೊಲೀಸ್ ಭರತಿಯ ಅರ್ಜಿಯಲ್ಲಿ ಗಂಡು, ಹೆಣ್ಣು ಎಂಬ ಎರಡೇ ಮನೆಗಳಿದ್ದವು. ಆರ್ಯಾ ಪೂಜಾರಿ ಮತ್ತು ನಿಕಿತಾ ಮುಖ್ಯದಲ್ ಎಂಬ ಇಬ್ಬರು ಆಡಳಿತ ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರು. ಮೂರನೆಯ ಮನೆ ಇಡಿರೆಂದು ಮಂಡಳಿ ಹೇಳಿದಾಗ ಸರಕಾರ ಮುಂಬಯಿ ಹೈಕೋರ್ಟಿಗೆ ಹೋಯಿತು. 2022ರ ಡಿಸೆಂಬರ್ ತಿಂಗಳಲ್ಲಿ ಹೈಕೋರ್ಟು ಸರಕಾರವನ್ನೇ ತರಾಟೆಗೆ ತೆಗೆದುಕೊಂಡಿತು. ಅರ್ಜಿಯಲ್ಲಿ ಮೂರನೆಯ ಮನೆ ಇಡುತ್ತೇವೆ, ದೈಹಿಕ ಪರೀಕ್ಷೆಯ ನಿಯಮವನ್ನೂ ಮಾಡುತ್ತೇವೆ ಎಂದು ಸರಕಾರ ಒಪ್ಪಿಕೊಂಡಿತು. ನಮ್ಮ ಕರ್ನಾಟಕ ಇದಕ್ಕೂ ಮುಂಚೆ, 2021ರಲ್ಲಿ, ಸರಕಾರಿ ನೌಕರಿಯಲ್ಲಿ ಇವರಿಗೆ ಶೇಕಡಾ 1ರ ಮೀಸಲಾತಿ ಕೊಟ್ಟಿತ್ತು.

ಆದರೆ ಅರ್ಜಿ ತುಂಬಿದ ಮಾತ್ರಕ್ಕೆ ಪೊಲೀಸರಾಗಲು ಬರುವುದಿಲ್ಲ, ಓಡಬೇಕು. ಮಹಾರಾಷ್ಟ್ರದ ಶಿಪಾಯಿ ಭರತಿಯಲ್ಲಿ ಗಂಡಸರಿಗೆ 1600 ಮೀಟರ್, ಹೆಂಗಸರಿಗೆ 800 ಮೀಟರ್ ಓಟ. ಇಬ್ಬರಿಗೂ 100 ಮೀಟರ್ ಮತ್ತು ಗುಂಡು ಎಸೆತ. ಒಟ್ಟು 50 ಅಂಕ. ಇದಕ್ಕೆ ತಿಂಗಳುಗಟ್ಟಲೆ ತಯಾರಿ ಬೇಕು. ತಯಾರಿ ಮಾಡುವುದು ಎಲ್ಲಿ?

ಈ ಪ್ರಶ್ನೆ ಹಿಡಿದುಕೊಂಡೇ ನಾನು ಮಿರಜಕ್ಕೆ ಹೋದದ್ದು. ಬಾಡಿಗೆ ಖೋಲಿಯೊಂದರಲ್ಲಿರುವ, ಕಾಗವಾಡ ಕಡೆಯ ಹಳ್ಳಿಯ ಒಬ್ಬರು ಮಾತಿಗೆ ಸಿಕ್ಕರು. ವಯಸ್ಸು ಇಪ್ಪತ್ಮೂರು, ಹೆಣ್ಣಾಗಿ ಬಾಳುತ್ತಿದ್ದಾರೆ. ‘ಹೆಸರು ಹಾಕಬ್ಯಾಡ್ರಿ, ಊರಾಗ ಅವ್ವ ಅದಾಳ’ ಎಂದು ಮೊದಲೇ ಹೇಳಿದರು.

‘ಅಣ್ಣಾರ, ಓದಾಕ ಪುಸ್ತಕ ಸಿಗತಾವ್ರಿ. ಲೈಬ್ರರಿಯೊಳಗ ಯಾರೂ ಏನೂ ಅನ್ನಂಗಿಲ್ಲ. ಓಡಾಕ ಹ್ವಾದ್ರ ಮಾತ್ರ ಮಂದಿ ನಿಂತು ನೋಡತಾರ. ಒಬ್ಬಾತ ಮೊಬೈಲ್ ತಗೀತಾನ, ಇನ್ನೊಬ್ಬಾತ ಸೀಟಿ ಹೊಡೀತಾನ. ಮೈದಾನದ ವಾಚಮನ್ನ ಬಂದು, ನೀ ಬಂದ್ರ ಗದ್ದಲ ಆಕ್ಕೈತಿ, ಬರಬ್ಯಾಡ ಅಂದ. ಗದ್ದಲ ಮಾಡಿದವರಿಗೆ ಏನೂ ಅನ್ನಲಿಲ್ಲ ನೋಡ್ರಿ.’

ಅಂದಿನಿಂದ ಇವರು ನಸುಕಿನ ನಾಲ್ಕಕ್ಕೆ ಎದ್ದು ಊರ ಹೊರಗಿನ ರಸ್ತೆಯ ಮೇಲೆ ಕತ್ತಲಲ್ಲೇ ಓಡುತ್ತಾರೆ. ಹಂಗಾಮಿನಲ್ಲಿ ಆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು. ಎರಡೆರಡು ಟ್ರಾಲಿ ಕಟ್ಟಿದ ಗಾಡಿಗೆ ಹಿಂದೆ ದೀಪವಿರುವುದಿಲ್ಲ ಎಂಬುದು ಓದುಗರಾದ ನಿಮಗೆ ನಾನು ಹೇಳಬೇಕಾಗಿಲ್ಲ. ‘ಗಾಡಿ ಸಪ್ಪಳಾದ್ರ ಗಟಾರದ ಬದಿಗೆ ಇಳದ ನಿಲ್ಲತೇನ್ರಿ’ ಎಂದರು. ಹೆಂಗಸರ ಗುಂಡಿನ ತೂಕ ನಾಲ್ಕು ಕಿಲೋ. ಗುಂಡು ಕೊಳ್ಳಲು ರೊಕ್ಕವಿಲ್ಲದೆ, ಕಿರಾಣಿ ಅಂಗಡಿಯ ಎರಡು ಕಿಲೋದ ಎರಡು ತೂಕದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಎಸೆದು ರೂಢಿ ಮಾಡಿಕೊಳ್ಳುತ್ತಿದ್ದಾರೆ.

ಕೊಡ ಹೊತ್ತವರ ಕಸುವು

ಇವರಿಗೆ ಆಟೋಟ ಯಾಕೆ, ದೇಹದಂಡನೆ ಯಾಕೆ ಎಂದು ಕೇಳುವವರು ಸವದತ್ತಿಯ ಗುಡ್ಡವನ್ನಾದರೂ ನೆನೆಯಬೇಕು. ಜತ್ತದ ಯಲ್ಲಮ್ಮನ ಜಾತ್ರೆಗೆ ಹೋದವರೂ ನೋಡಿರುತ್ತಾರೆ. ತಲೆಯ ಮೇಲೆ ತುಂಬಿದ ಕೊಡ, ಕೈ ಹಚ್ಚುವಂತಿಲ್ಲ, ಚೌಡಿಕೆಯ ತಾಳಕ್ಕೆ ಸರಿಯಾಗಿ ಹೆಜ್ಜೆ, ಹಾಗೇ ಬಾಗಿ ನೆಲದ ಮೇಲಿನ ನೋಟನ್ನು ಎತ್ತುವುದು. ಕತ್ತು, ಬೆನ್ನು, ತೊಡೆ ಮೂರಕ್ಕೂ ಬಲವಿಲ್ಲದೆ ಇದು ಆಗುವ ಕೆಲಸವಲ್ಲ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಈ ಕುಣಿತದಿಂದಲೇ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜಾತ್ರೆಯಲ್ಲಿ ಈ ಕಸುವಿಗೆ ಕೈಮುಗಿಯುವ ನಾವು, ಅದೇ ಮೈ ಮೈದಾನಕ್ಕೆ ಬಂದರೆ ನಗುತ್ತೇವೆ.

ಸಾಂಗ್ಲಿಯಲ್ಲಿ ಇವರು ಸಂಘಟನೆ ಕಟ್ಟಿಕೊಂಡವರೂ ಹೌದು. ಮೀನಾ ಸೇಷು ಅವರ ‘ಸಂಗ್ರಾಮ’ ಸಂಸ್ಥೆ 1992ರಲ್ಲಿ ಇಲ್ಲಿ ಆರಂಭವಾಯಿತು. ಅದರ ಆಸರೆಯಲ್ಲಿ ‘ಮುಸ್ಕಾನ’ ಎಂಬ ಇವರದೇ ಬಳಗ ಬೆಳೆಯಿತು. ಏಡ್ಸ್ ರೋಗದ ವಿರುದ್ಧ ಅವರು ಮಾಡಿದ ಕೆಲಸ ದೊಡ್ಡದು. ಆದರೆ ನಾವು ಹೊರಗಿನವರು ಒಂದು ತಪ್ಪು ಲೆಕ್ಕ ಹಾಕಿಕೊಂಡು ಕುಳಿತಿದ್ದೇವೆ. ಇವರ ಆರೋಗ್ಯವೆಂದರೆ ಏಡ್ಸ್ ಒಂದೇ ಎಂದು. ನಲವತ್ತು ದಾಟಿದ ಮೇಲೆ ಬರುವ ಬಿ.ಪಿ., ಸಕ್ಕರೆ, ಸೊಂಟನೋವು ಇವರಿಗೂ ತಪ್ಪಿದ್ದಲ್ಲ. ಡಾಕ್ಟರು ‘ದಿನಾ ಅರ್ಧ ತಾಸು ನಡೀರಿ’ ಎಂದು ಚೀಟಿ ಬರೆಯುತ್ತಾರೆ. ನಡೆಯುವ ಜಾಗದಲ್ಲಿ ಸೀಟಿ ಹೊಡೆದರೆ ಆ ಚೀಟಿ ಏನು ಕೆಲಸಕ್ಕೆ ಬಂತು?

ಹೆಣ್ಣುಮಕ್ಕಳಿಗೂ ಹೀಗೇ ಅಂದಿದ್ದರು

‘ಇದು ನಮ್ಮ ರೀತಿ ಅಲ್ಲ’ ಎನ್ನುವ ಮಾತು ತಾಲೀಮಿಗೆ ಹೊಸದೇನಲ್ಲ. 1950ರ ದಶಕದಲ್ಲಿ ಹಮೀದಾ ಬಾನು ಎಂಬ ಪೈಲ್ವಾನಿತಿ ಇದ್ದರು. 1954ರಲ್ಲಿ ಬಾಬಾ ಪೈಲ್ವಾನನನ್ನು ಒಂದು ನಿಮಿಷ 34 ಸೆಕೆಂಡಿನಲ್ಲಿ ಚಿತ್ ಮಾಡಿದವರು. ಇದೇ ನಮ್ಮ ಪಕ್ಕದ ಕೊಲ್ಲಾಪುರದಲ್ಲಿ ಗಂಡು ಪೈಲ್ವಾನನ ಜೊತೆ ಕುಸ್ತಿ ಹಿಡಿದಾಗ ನೋಡುವ ಮಂದಿಯೇ ಕೂಗಾಡಿ ಅವರ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆದರು.

ಈಗ ನೋಡಿರಿ. 2023ರ ಮಾರ್ಚ್ ತಿಂಗಳಲ್ಲಿ ಮೊದಲ ಮಹಿಳಾ ಮಹಾರಾಷ್ಟ್ರ ಕೇಸರಿ ಕುಸ್ತಿ ನಡೆದದ್ದು ಸಾಂಗ್ಲಿಯಲ್ಲಿ. ಗೆದ್ದವರು ಸಾಂಗ್ಲಿಯವರೇ ಆದ ಪ್ರತೀಕ್ಷಾ ಬಾಗಡಿ. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಇಷ್ಟು ಬದಲಾಗಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ಮಿರಜದ ಈ ಇಪ್ಪತ್ಮೂರರ ಅಭ್ಯರ್ಥಿಗೆ ಎಪ್ಪತ್ತು ವರ್ಷ ಕಾಯುವಷ್ಟು ಪುರಸತ್ತಿಲ್ಲ. ಭರತಿಗೆ ವಯಸ್ಸಿನ ಮಿತಿ ಇದೆ.

ಪದಕದ ಜಗಳ ಬೇರೆ

ಇಲ್ಲೊಂದು ತಕರಾರು ಏಳುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಗಂಡಾಗಿ ಬೆಳೆದ ಮೈ ಹೆಂಗಸರ ಸ್ಪರ್ಧೆಗೆ ಇಳಿದರೆ ಅದು ನ್ಯಾಯವೇ ಎಂದು ಹಲವರು ಕೇಳುತ್ತಾರೆ. ಹುಡುಗಿಯರ ತಂದೆ-ತಾಯಿ ಕೇಳಿದರೆ ಅದರಲ್ಲಿ ತಪ್ಪೂ ಇಲ್ಲ. ಜಗತ್ತಿನ ದೊಡ್ಡ ಸಂಸ್ಥೆಗಳೂ ಇದೇ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿವೆ. 2023ರ ಮಾರ್ಚ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್, ಅದೇ ವರ್ಷದ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ, ಗಂಡಿನ ಪ್ರಾಯ ದಾಟಿ ಬಂದವರು ಹೆಂಗಸರ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಆಡುವಂತಿಲ್ಲವೆಂದು ನಿಯಮ ಮಾಡಿದವು. ಊರ, ರಾಜ್ಯದ ಕ್ರಿಕೆಟ್ ವಿಚಾರವನ್ನು ಕ್ರಿಕೆಟ್ ಮಂಡಳಿ ಆಯಾ ದೇಶದ ಮಂಡಳಿಗೆ ಬಿಟ್ಟಿತು.

ಕಟ್ಟುನಿಟ್ಟಿನ ಪರೀಕ್ಷೆಯಿಂದ ಹೆಣ್ಣಾಗಿಯೇ ಹುಟ್ಟಿ ಬೆಳೆದವರೂ ಗಾಯಗೊಂಡಿದ್ದಾರೆ. ತಮಿಳುನಾಡಿನ ಬಡ ಕೂಲಿಕಾರರ ಮಗಳು ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆಯ ನೆಪದಲ್ಲಿ ಪದಕ ಹೋಯಿತು. ಕೆಲವು ವರ್ಷಗಳ ಬಳಿಕ ಅವರು ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತಿದ್ದರು. ಒಡಿಶಾದ ದ್ಯುತಿ ಚಂದ್ ಮಾತ್ರ ಸುಮ್ಮನಿರದೆ ಸ್ವಿಟ್ಜರ್‌ಲೆಂಡಿನ ಕ್ರೀಡಾ ನ್ಯಾಯಾಲಯಕ್ಕೆ ಹೋಗಿ 2015ರಲ್ಲಿ ಆ ನಿಯಮಕ್ಕೆ ತಡೆ ತಂದರು.

ಈ ಚರ್ಚೆ ಒಲಿಂಪಿಕ್ಸಿನ ಪದಕದ್ದು, ದೊಡ್ಡ ಬಹುಮಾನದ್ದು. ಅದು ನಡೆಯಲಿ. ಅದನ್ನೇ ಮುಂದೆ ಮಾಡಿ ಮುಂಜಾನೆ ಓಡುವವರನ್ನು, ಜಿಮ್ಮಿನಲ್ಲಿ ಡಂಬೆಲ್ಸ್ ಎತ್ತುವವರನ್ನು ಹೊರಗೆ ಹಾಕುವುದು ಮಾತ್ರ ನ್ಯಾಯವಲ್ಲ. ನೂರು ಮಂದಿ ಓಡಿದರೆ ಪದಕಕ್ಕಾಗಿ ಓಡುವವರು ಎಷ್ಟು? ಮಿಕ್ಕವರೆಲ್ಲ ಮೈ ನೆಟ್ಟಗಿರಲಿ ಎಂದು ಓಡುವವರೇ ಅಲ್ಲವೆ?

ವಸ್ತಾದರ ಲೆಕ್ಕ

ಮಿರಜದ ಹಳೆಯ ವಸ್ತಾದರೊಬ್ಬರನ್ನು ಇದೇ ಮಾತು ಕೇಳಿದೆ. ಎಪ್ಪತ್ತರ ಮೇಲಿನ ವಯಸ್ಸು, ಎರಡೂ ಕಿವಿ ಕುಸ್ತಿಯಲ್ಲಿ ಮುದುಡಿವೆ. ತುಸು ಹೊತ್ತು ಸುಮ್ಮನಿದ್ದು ಹೇಳಿದರು: ‘ನಾವು ಜೋಡಿ ಹಚ್ಚೂವಾಗ ಏನ ನೋಡತೇವಿ? ತೂಕ ನೋಡತೇವಿ, ವಯಸ್ಸು ನೋಡತೇವಿ, ದಮ್ಮು ಎಷ್ಟೈತಿ ನೋಡತೇವಿ. ಐವತ್ತು ಕಿಲೋದವನ್ನ ತೊಂಬತ್ತು ಕಿಲೋದವನ ಮ್ಯಾಲ ಬಿಟ್ರ ಅದು ಕುಸ್ತಿ ಅಲ್ಲ, ಕೊಲಿ. ಇಬ್ಬರೂ ಗಂಡಸರ ಆದ್ರೂ ನಾವು ಬಿಡಂಗಿಲ್ಲ. ಸರಿಜೋಡಿ ಹಚ್ಚೂದು ನಮಗ ಬರತೈತಿ.’ ಆಮೇಲೆ ತಮ್ಮಷ್ಟಕ್ಕೇ ಎಂಬಂತೆ ಅಂದರು: ‘ಲಂಗೋಟಿ ಕಟ್ಟಿ ಮಣ್ಣಿಗಿಳಿಯೂದು ಬ್ಯಾರೆ ಮಾತು. ದಂಡ-ಬಸ್ಕಿ ಹೊಡಿಯಾಕ ಯಾರು ಬಂದ್ರೇನು?’

ವಸ್ತಾದರು ಎಲ್ಲವನ್ನೂ ಒಪ್ಪಿದರೆಂದು ನಾನು ಬರೆಯಲಾರೆ. ಆದರೆ ಸರಿಜೋಡಿಯ ಅವರ ಲೆಕ್ಕದಲ್ಲಿ ದಾರಿಯೊಂದು ಇದ್ದೇ ಇದೆ. ಬೇರೆ ಕಡೆಯವರು ಬೇರೆ ದಾರಿಗಳನ್ನೂ ಕಂಡುಕೊಂಡಿದ್ದಾರೆ. ಕೇರಳದ ಕ್ರೀಡಾ ಮಂಡಳಿ 2017ರಲ್ಲಿ ತಿರುವನಂತಪುರದಲ್ಲಿ ಇವರಿಗಾಗಿಯೇ ರಾಜ್ಯಮಟ್ಟದ ಕ್ರೀಡಾಕೂಟ ನಡೆಸಿತು. ಮಣಿಪುರದ ಇಂಫಾಲದಲ್ಲಿ 2020ರಲ್ಲಿ ಇವರ ಫುಟ್‌ಬಾಲ್ ತಂಡವೇ ಮೈದಾನಕ್ಕಿಳಿಯಿತು. ಬೋಸ್ಟನ್, ಲಂಡನ್ ಮ್ಯಾರಥಾನ್‌ಗಳು 2023ರಿಂದ ಗಂಡೂ ಅಲ್ಲ ಹೆಣ್ಣೂ ಅಲ್ಲ ಎನ್ನುವವರಿಗೆ ಮೂರನೆಯ ವಿಭಾಗ ಇಟ್ಟಿವೆ.

ಖರ್ಚಿಲ್ಲದ ಕೆಲಸಗಳು

ನಮ್ಮ ದೇಶದ ಕಾಯ್ದೆಯೂ ಈ ಮಾತನ್ನು ಆಡಿದೆ. 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯ 13ನೆಯ ಕಲಮಿನ ಪ್ರಕಾರ, ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿ ಶಾಲೆ-ಕಾಲೇಜು ಇವರಿಗೆ ಓದಿನ ಜೊತೆಗೆ ಆಟೋಟದ ಅವಕಾಶವನ್ನೂ ಭೇದವಿಲ್ಲದೆ ಕೊಡಬೇಕು. ಸಂಸ್ಥೆ ನಡೆಸುವ ನಮ್ಮ ಸಾಹುಕಾರರು, ಸಕ್ಕರೆ ಕಾರಖಾನೆಯ ಸಂಚಾಲಕರು ಈ ಕಲಮನ್ನು ಒಮ್ಮೆ ಓದಿಸಿ ಕೇಳಬೇಕು.

ಜಿಮ್ ಇಟ್ಟವರು ಮಾಡಬೇಕಾದದ್ದು ಇನ್ನೂ ಸುಲಭ. ಬಟ್ಟೆ ಬದಲಿಸಲು ಒಳಗಿನಿಂದ ಚಿಲಕ ಹಾಕುವ ಒಂದು ಸಣ್ಣ ಖೋಲಿ ಸಾಕು. ಅದು ಸಂಕೋಚದ ಹುಡುಗಿಯರಿಗೂ, ವಯಸ್ಸಾದವರಿಗೂ ಉಪಯೋಗ. ಅರ್ಜಿಯಲ್ಲಿ ಇನ್ನೊಂದು ಮನೆ ಇಡುವುದು, ಅವರು ಹೇಳಿದ ಹೆಸರಿನಿಂದಲೇ ಕರೆಯುವುದು, ಮೊಬೈಲಿನಲ್ಲಿ ಚಿತ್ರ ತೆಗೆಯುವುದಕ್ಕೆ ನಿಷೇಧದ ಬೋರ್ಡು ಹಾಕುವುದು, ಇಷ್ಟಕ್ಕೆ ಎಷ್ಟು ಖರ್ಚು?

ಕಲಿಸುವವರು ತಿಳಿದಿರಬೇಕಾದ ಮಾತೂ ಒಂದೆರಡು ಇವೆ. ಗಂಡಾಗಿ ಬಾಳುವ ಕೆಲವರು ಎದೆಗೆ ಬಿಗಿಯಾದ ಪಟ್ಟಿ ಕಟ್ಟಿರುತ್ತಾರೆ. ಅದನ್ನು ಕಟ್ಟಿಕೊಂಡು ಜೋರಾಗಿ ಓಡಿದರೆ ಉಸಿರಿಗೆ ತೊಂದರೆ, ಪಕ್ಕೆಲುಬಿಗೂ ನೋವು. ಸಡಿಲವಾದ ಬನಿಯನ್ನಿಗೆ ಬದಲಿಸಲು ಮರೆಯ ಜಾಗ ಬೇಕು. ಹೆಣ್ಣಾಗಲು ಹಾರ್ಮೋನ್ ಔಷಧ ತೆಗೆದುಕೊಳ್ಳುವವರಿಗೆ ಕೆಲವೇ ತಿಂಗಳಲ್ಲಿ ರಕ್ತದ ಹಿಮೋಗ್ಲೋಬಿನ್ ಇಳಿಯುತ್ತದೆ, ದಮ್ಮು ಬೇಗ ಕಟ್ಟುತ್ತದೆ. ಸ್ನಾಯುವಿನ ಬಲ ನಿಧಾನವಾಗಿ ತಗ್ಗುತ್ತದೆ. ಎಲುಬು ಗಟ್ಟಿ ಉಳಿಯಲು ಭಾರ ಎತ್ತುವ ಕಸರತ್ತು ಒಳ್ಳೆಯದು. ಇದನ್ನರಿಯದ ಕೋಚು ‘ಮೈಗಳ್ಳತನ’ ಎಂದು ಬೈದರೆ ಅದು ಅನ್ಯಾಯ.

ಇನ್ನು ನಮ್ಮ ಪಾಲಿನದು. ದೀಪಾವಳಿಯಾದ ಮೇಲೆ ಜಾತ್ರೆಗಳ ಹಂಗಾಮು. ಓಟದ ಸ್ಪರ್ಧೆ, ಚೀಲ ಎತ್ತುವುದು, ಸಂಗ್ರಾಣಿ ಕಲ್ಲು ಎತ್ತುವುದು ಎಲ್ಲ ಊರಲ್ಲೂ ಉಂಟು. ಪಂಚ ಕಮಿಟಿಯವರು ಹ್ಯಾಂಡ್‌ಬಿಲ್ ಅಚ್ಚು ಹಾಕಿಸುವಾಗ ‘ಮುಕ್ತ ವಿಭಾಗ, ಯಾರು ಬೇಕಾದರೂ ಬರಬಹುದು’ ಎಂಬ ಒಂದು ಸಾಲು ಸೇರಿಸಲಿ. ಬಹುಮಾನ ಒಂದು ತೆಂಗಿನಕಾಯಿ, ಒಂದು ಟವೆಲ್ ಆದರೂ ನಡೆಯುತ್ತದೆ. ಹೆಸರು ಕೊಡಲು ಒಬ್ಬರು ಬಂದರೂ ಆ ಸಾಲಿಗೆ ಬೆಲೆ ಬಂದಂತೆ. ಜೊತೆಗೆ ಕಬ್ಬಿನ ಟ್ರಾಲಿಗಳ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿರಿ. ನಸುಕಿನ ಕತ್ತಲಲ್ಲಿ ಆ ರಸ್ತೆಯ ಮೇಲೆ ಯಾರೋ ಭರತಿಗಾಗಿ ಓಡುತ್ತಿರುತ್ತಾರೆ.