ದಿಗಿಲಿನ ದಿಗಿಲು



ದಾದರ್‌ನಲ್ಲಿ ಬೆಳಗಿನ ಲೋಕಲ್ ಹತ್ತಿದ್ದೀರಿ ಎಂದಿಟ್ಟುಕೊಳ್ಳಿ. ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ಅಂಗೈ ಬೆವರುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಉಸಿರು ಸಾಲದೆನಿಸುತ್ತದೆ. ಇನ್ನೇನು ಪ್ರಾಣ ಹೋಯಿತೆಂದು ಮುಂದಿನ ಸ್ಟೇಷನ್ನಿನಲ್ಲೇ ಇಳಿದುಬಿಡುತ್ತೀರಿ. ಇಸಿಜಿ ತೆಗೆದ ವೈದ್ಯರು ಹೃದಯ ಸರಿಯಾಗಿದೆ ಎನ್ನುತ್ತಾರೆ. ಹಾಗಾದರೆ ಆದದ್ದೇನು?

ಇದಕ್ಕೆ ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಹಾವು ಕಂಡಾಗ ಓಡಲು ಅಣಿಯಾಗುವ ದೇಹ, ಇಲ್ಲಿ ಹಾವಿಲ್ಲದೆಯೇ ಅಣಿಯಾಗುತ್ತದೆ. ಅಡ್ರಿನಲಿನ್ ಎದೆಬಡಿತವನ್ನು ಹೆಚ್ಚಿಸುತ್ತದೆ. ಉಸಿರಾಟ ಬಿರುಸಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುವುದರಿಂದ ತಲೆ ಸುತ್ತುತ್ತದೆ. ಸಾಮಾನ್ಯವಾಗಿ 10 ನಿಮಿಷಗಳೊಳಗೆ ದಿಗಿಲು ತುತ್ತತುದಿ ಮುಟ್ಟಿ, ತಾನಾಗಿಯೇ ಇಳಿಯತೊಡಗುತ್ತದೆ.

ಬ್ರಿಟನ್ನಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ 1986ರಲ್ಲಿ ಇದರ ವಿಷವರ್ತುಲವನ್ನು ವಿವರಿಸಿದರು. ಎದೆಬಡಿತವನ್ನು ಹೃದಯಾಘಾತವೆಂದು ಭಾವಿಸಿದರೆ ಭಯ ಏರುತ್ತದೆ. ಭಯ ಏರಿದಷ್ಟೂ ಎದೆ ಇನ್ನಷ್ಟು ಬಡಿಯುತ್ತದೆ.

ಅಟ್ಯಾಕಿಗಿಂತ ಹೆಚ್ಚು ಹಾನಿ ಮಾಡುವುದು 'ಮತ್ತೆ ಬಂದರೆ?' ಎಂಬ ಅಂಜಿಕೆ. ಮೊದಲು ಲೋಕಲ್ ಬಿಡುತ್ತೀರಿ, ಆಮೇಲೆ ಸಿನೆಮಾ, ಕೊನೆಗೆ ಕಾಲೇಜು. ಪ್ರತಿ ಸಲ ತಪ್ಪಿಸಿಕೊಂಡಾಗಲೂ 'ಓಡಿಬಂದೆ, ಅದಕ್ಕೇ ಬದುಕಿದೆ' ಎಂಬ ಸುಳ್ಳುಪಾಠವನ್ನು ಮನಸ್ಸು ಕಲಿಯುತ್ತದೆ.

ಮೊದಲ ಸಲ ಹೀಗಾದಾಗ ನೀವೇ ತೀರ್ಮಾನಕ್ಕೆ ಬರದೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ತೊಂದರೆಯಲ್ಲೂ ಇಂಥ ಲಕ್ಷಣಗಳಿರುತ್ತವೆ. ಪ್ಯಾನಿಕ್ ಎಂದು ಖಚಿತವಾದ ಮೇಲೆ, ಅದು ಬಂದಾಗ ಓಡಬೇಡಿ. ನಿಧಾನವಾಗಿ, ದೀರ್ಘವಾಗಿ ಉಸಿರು ಬಿಡಿ. 'ಇದು ದಿಗಿಲು, ಇಳಿದುಹೋಗುತ್ತದೆ' ಎಂದುಕೊಳ್ಳಿ. ಬಿಟ್ಟ ಪ್ರಯಾಣವನ್ನು ಸ್ವಲ್ಪಸ್ವಲ್ಪವಾಗಿ ಮರಳಿ ಪಡೆಯಿರಿ: ಜನಸಂದಣಿ ಇಲ್ಲದ ವೇಳೆಯಲ್ಲಿ, ಗೆಳೆಯರೊಬ್ಬರ ಜೊತೆ, ಒಂದೇ ಸ್ಟೇಷನ್, ಮುಂದೆ ಎರಡು, ಆಮೇಲೆ ಒಬ್ಬರೇ. ಕಾಫಿ ಕಡಿಮೆ ಮಾಡಿ. ಯೋಚನೆ ಮತ್ತು ವರ್ತನೆಗಳನ್ನು ತಿದ್ದುವ ಸಿಬಿಟಿ ಚಿಕಿತ್ಸೆ ಬಹಳ ಜನರಿಗೆ ಗುಣ ಕೊಡುತ್ತದೆ. ಔಷಧಿಗಳೂ ಇವೆ, ಆದರೆ ಮನೋವೈದ್ಯರ ಸಲಹೆಯಿಲ್ಲದೆ ಮಾತ್ರೆ ನುಂಗಬೇಡಿ.

ಮನೆಯಲ್ಲಿ ಹೇಳುವುದು ಹೇಗೆ? 'ಪ್ಯಾನಿಕ್' ಎಂದರೆ ಅಜ್ಜಿಗೆ ತಿಳಿಯಲಿಕ್ಕಿಲ್ಲ. 'ಇದ್ದಕ್ಕಿದ್ದಂತೆ ದಿಗಿಲಾಗುತ್ತದಜ್ಜಿ' ಎಂದರೆ ತಿಳಿಯುತ್ತದೆ. 'ಗ್ಯಾಸ್ ಇರಬೇಕು', 'ದೃಷ್ಟಿಯಾಗಿದೆ' ಎಂದಾರು. ಸಿಟ್ಟಾಗಬೇಡಿ, ಅದು ಅವರ ಕಾಳಜಿ. ವೈದ್ಯರಲ್ಲಿಗೆ ಹೋಗುವಾಗ ಅಪ್ಪನನ್ನೋ ಅಮ್ಮನನ್ನೋ ಜೊತೆಗೆ ಕರೆದುಕೊಂಡು ಹೋಗಿ.

ಮನೆಯಲ್ಲಿ ಹೇಳಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸೇವೆ ಇದು. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಧಾನ ಕೇಂದ್ರ. ಹಗಲಿರುಳೂ ಉಚಿತ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಲಭ್ಯ. ಕನ್ನಡ ತಡವರಿಸಿದರೆ ಹಿಂದಿಯೋ ಮರಾಠಿಯೋ ಆದೀತು. ಮಾತು ಹೊರಗೆ ಬರಲಿ.