ಹೆಸರಿನಿಂದ ಕ್ರಿಯೆಗೆ

ವ್ಯಾಕರಣದಲ್ಲಿ ಸಂಜ್ಞೆಯೆಂದರೆ ಹೆಸರು; ಸಂಜ್ಞಿಯೆಂದರೆ ಆ ಹೆಸರಿನಿಂದ ತಿಳಿಯಲ್ಪಡುವ ವಸ್ತು. ಇವೆರಡರ ಸಂಬಂಧವು ಯಾವಾಗ ನಿಶ್ಚಿತವಾಗಬೇಕೆಂಬ ಪ್ರಶ್ನೆಯು ಗಣಕಯಂತ್ರದ ಭಾಷೆಗಳಲ್ಲಿಯೂ ಉಂಟು. ರಾಬರ್ಟ್ ಗ್ರೀಸೆಮರ್, ರಾಬ್ ಪೈಕ್, ಕೆನ್ ಥಾಂಪ್ಸನ್ ಎಂಬ ವಿದ್ವಾಂಸರು ಗೂಗಲ್ ಸಂಸ್ಥೆಯಲ್ಲಿ ರೂಪಿಸಿದ, ೨೦೦೯ರಲ್ಲಿ ಪ್ರಕಟವಾದ ‘ಗೋ’ ಭಾಷೆಯನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು.

ಈ ಭಾಷೆಯಲ್ಲಿ ಪರಸ್ಪರ ಸಂಬಂಧವುಳ್ಳ ವಿವರಗಳ ಕಟ್ಟಿಗೆ ‘ಸ್ಟ್ರಕ್ಟ್’ ಎಂದು ಹೆಸರು. ವಿದ್ಯಾರ್ಥಿಯ ಹೆಸರು, ತರಗತಿ, ಅಂಕಗಳು ಸೇರಿ ಒಂದು ಸ್ಟ್ರಕ್ಟ್ ಆದರೆ, ಆ ಅಂಕಗಳನ್ನು ಕೂಡಿಸುವ ಕಾರ್ಯವು ಅದರ ‘ಮೆಥಡ್’. ಸಾಮಾನ್ಯವಾಗಿ ಮೆಥಡ್‌ನ ಹೆಸರನ್ನು ಪ್ರೋಗ್ರಾಮಿನಲ್ಲಿಯೇ ಬರೆದಿರುತ್ತಾರೆ. ಕಂಪೈಲರು ಅದನ್ನು ಮುಂಚಿತವಾಗಿಯೇ ಪರೀಕ್ಷಿಸಿ, ತಪ್ಪಿದ್ದರೆ ತಡೆಯುತ್ತದೆ. ಆದರೆ ಬೇಕಾದ ಮೆಥಡ್ ಯಾವುದೆಂಬುದು ಪ್ರೋಗ್ರಾಮು ನಡೆಯುತ್ತಿರುವಾಗಲಷ್ಟೇ ತಿಳಿಯುವಂತಿದ್ದರೆ ಮಾಡುವುದೇನು? ಆಗ ‘ರಿಫ್ಲೆಕ್ಟ್’ ಎಂಬ ಪ್ಯಾಕೇಜನ್ನು ಆಶ್ರಯಿಸಬೇಕು. ಕನ್ನಡಿಯಲ್ಲಿ ಮುಖವನ್ನು ನೋಡಿಕೊಳ್ಳುವಂತೆ ಪ್ರೋಗ್ರಾಮು ತನ್ನ ರಚನೆಯನ್ನು ತಾನೇ ಅವಲೋಕಿಸುವುದು ಇದರ ತಾತ್ಪರ್ಯ.

ಇದರ ಕ್ರಮವು ಮೂರು ಹಂತದ್ದು. ‘ವ್ಯಾಲ್ಯೂಆಫ್’ ಎಂಬುದು ವಸ್ತುವಿನ ಪ್ರತಿಬಿಂಬವನ್ನು ಕೊಡುತ್ತದೆ. ‘ಮೆಥಡ್‌ಬೈನೇಮ್’ ಎಂಬುದು ಅದರಲ್ಲಿ ಕೋರಿದ ಹೆಸರಿನ ಮೆಥಡನ್ನು ಹುಡುಕುತ್ತದೆ. ‘ಕಾಲ್’ ಎಂಬುದು ಆರ್ಗ್ಯುಮೆಂಟುಗಳನ್ನು ಸ್ವೀಕರಿಸಿ, ಮೆಥಡನ್ನು ನಡೆಸಿ, ಫಲವನ್ನು ಹಿಂದಿರುಗಿಸುತ್ತದೆ.

ಇಲ್ಲಿ ಕಂಪೈಲರಿನ ಕಾವಲು ತಪ್ಪಿಹೋಗುವುದರಿಂದ ಎಚ್ಚರಿಕೆಯು ಅವಶ್ಯಕ. ಹೆಸರು ದೊರೆಯದಿದ್ದರೆ ಶೂನ್ಯ ಪ್ರತಿಬಿಂಬವೊಂದು ಬರುತ್ತದೆ. ಅದನ್ನೇ ಕರೆದರೆ ‘ಪ್ಯಾನಿಕ್’ ಉಂಟಾಗುತ್ತದೆ, ಅದನ್ನು ತಡೆಯದಿದ್ದರೆ ಪ್ರೋಗ್ರಾಮು ನಿಂತುಹೋಗುತ್ತದೆ. ಆದುದರಿಂದ ‘ಈಸ್‌ವ್ಯಾಲಿಡ್’ ಎಂಬುದರಿಂದ ಮೊದಲು ಪರೀಕ್ಷಿಸಬೇಕು. ಆರ್ಗ್ಯುಮೆಂಟುಗಳ ಸಂಖ್ಯೆಯಾಗಲಿ ಜಾತಿಯಾಗಲಿ ಹೊಂದದಿದ್ದರೂ ಇದೇ ಗತಿ. ಪಾಯಿಂಟರಿಗೆಂದು ಬರೆದ ಮೆಥಡ್ ಬೇಕಾದರೆ ಪಾಯಿಂಟರಿನ ಪ್ರತಿಬಿಂಬವನ್ನೇ ಪಡೆಯಬೇಕು.

ಮತ್ತೊಂದು ನಿಯಮವು ಕನ್ನಡಿಗರು ಗಮನಿಸತಕ್ಕದ್ದು. ದೊಡ್ಡಕ್ಷರದಿಂದ ಆರಂಭವಾಗುವ ಮೆಥಡ್‌ಗಳು ಮಾತ್ರ ಈ ಹುಡುಕಾಟಕ್ಕೆ ಸಿಗುತ್ತವೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳೆಂಬ ಭೇದವೇ ಇಲ್ಲ. ಆದುದರಿಂದ ಕನ್ನಡ ಅಕ್ಷರದಿಂದ ಆರಂಭವಾದ ಹೆಸರು ಸಿಗಲಾರದು. ಅಷ್ಟೇ ಅಲ್ಲ, ‘ಕಿ’, ‘ಕು’ ಮೊದಲಾದ ಗುಣಿತಾಕ್ಷರಗಳ ಸ್ವರಚಿಹ್ನೆಗಳನ್ನು ಈ ಭಾಷೆಯು ಹೆಸರುಗಳಲ್ಲಿ ಅಂಗೀಕರಿಸುವುದೇ ಇಲ್ಲ. ಯಂತ್ರಭಾಷೆಯ ನಿಯಮವೂ ಒಂದು ಲಿಪಿಯ ಸಂಸ್ಕಾರದಿಂದಲೇ ಹುಟ್ಟುತ್ತದೆಂಬುದಕ್ಕೆ ಇದು ಸಾಕ್ಷಿ.

ಕಡೆಯದಾಗಿ, ಹೊರಗಿನವರು ಕೊಟ್ಟ ಹೆಸರನ್ನೆಲ್ಲ ವಿಚಾರಿಸದೆ ಕರೆಯಬಾರದು. ಅಂಕಗಳನ್ನು ನೋಡಲು ಬಂದವನು ಅವುಗಳನ್ನು ಅಳಿಸುವ ಮೆಥಡನ್ನೇ ಹೆಸರಿಸಬಹುದು. ಅನುಮತಿಯುಳ್ಳ ಹೆಸರುಗಳು ಕೆಲವೇ ಆಗಿದ್ದರೆ, ಹೆಸರಿಗೂ ಕ್ರಿಯೆಗೂ ನಂಟು ಕಟ್ಟಿದ ‘ಮ್ಯಾಪ್’ ಒಂದೇ ಸಾಕು. ಹೆಸರುಗಳು ಮೊದಲೇ ತಿಳಿಯದಿರುವಲ್ಲಿ ಮಾತ್ರ ರಿಫ್ಲೆಕ್ಟ್ ಸಾರ್ಥಕವಾದೀತು.